ಹಿರಿಯರ ಕೋಣೆ: ಬಣ್ಣ, ಚಿತ್ರ ಮತ್ತು ಹಳೆಯ ವಸ್ತುಗಳು

ಮನೆ ಕಟ್ಟಿಸುವವರು ಇಂದು ಮೇಸ್ತ್ರಿ, ಬಡಗಿ, ಬಣ್ಣದವರ ಜೊತೆಗೆ ಒಳಾಂಗಣ ವಿನ್ಯಾಸಕರನ್ನೂ ಕರೆಸುತ್ತಾರೆ. ಶಿವಮೊಗ್ಗದ ವಿನೋಬನಗರ, ಗೋಪಾಳಗಳ ಕಡೆ ಗೃಹಪ್ರವೇಶಕ್ಕೆಂದು ಹೋದಾಗಲೆಲ್ಲ ನಮಗೆ ಕಾಣಸಿಗುವುದು ಹೆಚ್ಚುಕಡಿಮೆ ಒಂದೇ ಮನೆ. ಬೂದು ಗೋಡೆ, ಮುಖ ಕಾಣುವಂತೆ ಹೊಳೆಯುವ ಬಿಳಿ ನೆಲ, ತಾರಸಿಯ ಕೆಳಗೊಂದು ಸುಳ್ಳು ತಾರಸಿ, ಅದರೊಳಗೆ ಅಡಗಿ ಕುಳಿತ ದೀಪಗಳು, ಅಂಗಡಿಯಿಂದ ಜೋಡಿಯಾಗಿ ತಂದು ತೂಗುಹಾಕಿದ ಚಿತ್ರಗಳು. ಅಂದವಿಲ್ಲವೆಂದು ನಾವು ಹೇಳಲಾರೆವು. ಬೂದು ಬಣ್ಣ ಹಣೆಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಗೋಡೆ, ಪರದೆ, ಹೊದಿಕೆ, ನೆಲ ಎಲ್ಲಕ್ಕೂ ಅದನ್ನೇ ಹಚ್ಚಿದ ಮನೆಯಲ್ಲಿ ಎಪ್ಪತ್ತೈದು ದಾಟಿದವರು ಹೇಗೆ ದಿನ ಕಳೆಯುತ್ತಾರೆ ಎಂಬುದು ಮಾತ್ರ ವೈದ್ಯರಾದ ನಮ್ಮನ್ನು ಕಾಡುವ ಪ್ರಶ್ನೆ. ಈ ತಿಂಗಳ ಲೇಖನವನ್ನು ಅದಕ್ಕೇ ಮೀಸಲಿಡುತ್ತಿದ್ದೇವೆ.

ಈ ಪ್ರಶ್ನೆ ನಮ್ಮ ಮುಂದೆ ಬಂದದ್ದು ಹೆಚ್ಚಾಗಿ ಭದ್ರಾವತಿಯ ದಾರಿಯಿಂದ. ಬೆಂಕಿಪುರವೆಂದು ಹೆಸರಿದ್ದ ಆ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಿತು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಎರಡು ಮೂರು ತಲೆಮಾರುಗಳು ನ್ಯೂ ಟೌನ್, ಪೇಪರ್ ಟೌನ್‌ಗಳ ವಸತಿಗೃಹಗಳಲ್ಲಿ ಹುಟ್ಟಿ ಬೆಳೆದವು. ಈಗ ಕಾಗದದ ಯಂತ್ರಗಳು ನಿಂತು ವರ್ಷಗಳೇ ಕಳೆದಿವೆ, ಕಬ್ಬಿಣದ ಕಾರ್ಖಾನೆಯಲ್ಲಿ ಕಾಯಂ ನೌಕರರು ಬೆರಳೆಣಿಕೆಗೆ ಇಳಿಯುತ್ತಿದ್ದಾರೆ. ಮಕ್ಕಳು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಮನೆ ಮಾಡಿ, ತಂದೆತಾಯಿಯರನ್ನು ಪ್ರೀತಿಯಿಂದಲೇ ಕರೆದುಕೊಂಡು ಹೋಗುತ್ತಾರೆ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದು. ಆದರೆ ಆ ಒಂದು ಗಂಟೆಯ ಪ್ರಯಾಣವನ್ನು ದಾಟಲಾಗದೆ ನಮ್ಮ ಬಳಿಗೆ ಬಂದ ಹಿರಿಯರು ಅನೇಕರು.

ಅವರಲ್ಲೊಬ್ಬರ ವಿಷಯವನ್ನು, ಗುರುತು ತಿಳಿಯದಂತೆ, ಇಲ್ಲಿ ಹೇಳಬಹುದು. ಫೌಂಡ್ರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ದುಡಿದು ನಿವೃತ್ತರಾದವರು. ಪತ್ನಿ ತೀರಿಕೊಂಡ ಮೇಲೆ ಮಗನ ಹೊಸ ಮನೆಗೆ ಬಂದರು. ಎರಡು ತಿಂಗಳೊಳಗೆ ಊಟ ಅರ್ಧಕ್ಕಿಳಿಯಿತು, ರಾತ್ರಿ ನಿದ್ರೆ ಬಾರದು, ಸಂಜೆಯಾದರೆ ಚೀಲ ಹಿಡಿದು ಬಾಗಿಲ ಬಳಿ ನಿಲ್ಲುವುದು. "ಅಪ್ಪನಿಗೆ ಮರೆವು ಶುರುವಾಗಿದೆ, ಮೇಧ್ಯ ರಸಾಯನ ಏನಾದರೂ ಕೊಡಿ" ಎಂದು ಮಗ ಕೇಳಿದರು. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್, ಬಿ12, ಕಣ್ಣು, ಕಿವಿ ಎಲ್ಲವನ್ನೂ ನೋಡಿಸಿದೆವು. ಒಂದು ಕಣ್ಣಿನಲ್ಲಿ ಪೊರೆ ಬಲಿಯುತ್ತಿತ್ತು. ಉಳಿದದ್ದೆಲ್ಲ ವಯಸ್ಸಿಗೆ ತಕ್ಕಂತಿತ್ತು. ತೇದಿ, ವಾರ, ಸಂಬಳದ ಲೆಕ್ಕ, ಕುಲುಮೆಯ ಶಾಖ ಎಲ್ಲವನ್ನೂ ಸರಿಯಾಗಿ ಹೇಳಿದರು. ಹೊಸ ಮನೆ ಹೇಗಿದೆ ಎಂದು ಕೇಳಿದ್ದಕ್ಕೆ, "ಎಲ್ಲಾ ಚೆನ್ನಾಗಿದೆ ಡಾಕ್ಟ್ರೇ, ಯಾರದ್ದೋ ಮನೇಲಿ ಇದ್ದಂಗಿದೆ" ಎಂದರು. ಔಷಧಿ ಬರೆಯುವ ಮೊದಲು ಆ ಮನೆಯನ್ನೊಮ್ಮೆ ನೋಡಬೇಕೆನಿಸಿತು.

ಕೋಣೆ ಸ್ವಚ್ಛವಾಗಿತ್ತು, ಗಾಳಿಯೂ ಇತ್ತು. ಅವರದೆಂದು ಹೇಳಬಹುದಾದದ್ದು ಮಾತ್ರೆಯ ಡಬ್ಬಿ ಮತ್ತು ಕನ್ನಡಕ, ಎರಡೇ. ನಿವೃತ್ತಿಯ ದಿನ ಜೊತೆಯವರು ಕೊಟ್ಟ ಗೋಡೆ ಗಡಿಯಾರ, ಭದ್ರಾವತಿ ಆಕಾಶವಾಣಿಯನ್ನು ದಿನವೂ ಕೇಳುತ್ತಿದ್ದ ರೇಡಿಯೋ, ಪತ್ನಿ ಹೊಲಿದ ಕೌದಿ, ಅಡಕತ್ತರಿ, ಕಂಚಿನ ಗಂಗಾಳ ಇವೆಲ್ಲ ಒಂದು ಟ್ರಂಕಿನಲ್ಲಿ ಅಟ್ಟ ಸೇರಿದ್ದವು. ಬಣ್ಣಕ್ಕೆ ಹೊಂದುವುದಿಲ್ಲ ಎಂದು ವಿನ್ಯಾಸಕರು ಹೇಳಿದ್ದರಂತೆ. ಸದ್ಯ, ಗುಜರಿಗೆ ಹೋಗಿರಲಿಲ್ಲ.

ಆಯುರ್ವೇದದಲ್ಲಿ ಓಕಸಾತ್ಮ್ಯ ಎಂಬ ಮಾತೊಂದಿದೆ. ದೀರ್ಘಕಾಲದ ಅಭ್ಯಾಸದಿಂದ ಒಬ್ಬನ ದೇಹಕ್ಕೆ ಒಗ್ಗಿಹೋದದ್ದು ಎಂದು ಅದರ ಅರ್ಥ. ನಾವು ಇದನ್ನು ಸಾಮಾನ್ಯವಾಗಿ ಆಹಾರಕ್ಕೆ ಅನ್ವಯಿಸುತ್ತೇವೆ: ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಮುಪ್ಪಿನಲ್ಲಿ ಅದನ್ನು ಏಕಾಏಕಿ ಬಿಡಿಸಬಾರದು ಎಂದು ಹೇಳುವುದು ಇದರಿಂದಲೇ. ಆದರೆ ಓಕಸ್ ಎಂಬ ಸಂಸ್ಕೃತ ಶಬ್ದಕ್ಕೆ ಮನೆ, ವಾಸಸ್ಥಾನ ಎಂಬ ಅರ್ಥವೂ ಇದೆ ಎಂಬುದನ್ನು ಓದುಗರು ಗಮನಿಸಬೇಕು. ನಾಲಿಗೆಗೆ ರುಚಿ ಒಗ್ಗುವಂತೆ ಕಣ್ಣಿಗೆ ಬಣ್ಣ, ಕೈಗೆ ಬಾಗಿಲ ಚಿಲಕ, ಕಾಲಿಗೆ ಹೊಸಿಲು ಒಗ್ಗಿಕೊಂಡಿರುತ್ತವೆ. ಕತ್ತಲಲ್ಲಿ ಎದ್ದವರ ಕೈ ನೀರಿನ ತಂಬಿಗೆಯತ್ತ ತಾನಾಗಿ ಹೋಗುವುದು ಬುದ್ಧಿಯಿಂದಲ್ಲ, ಈ ಒಗ್ಗಿಕೆಯಿಂದ. ಒಗ್ಗಿದ್ದನ್ನು ಬಿಡಿಸಲೇಬೇಕಾದರೂ ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯ ಪಾದಾಂಶಿಕ ಕ್ರಮವನ್ನು ಹೇಳುತ್ತದೆ: ಹಳೆಯದನ್ನು ಕಾಲುಭಾಗ ಕಾಲುಭಾಗವಾಗಿ ಬಿಡುತ್ತ, ಹೊಸದನ್ನು ಅಷ್ಟಷ್ಟೇ ಸೇರಿಸುತ್ತ, ನಡುವೆ ದಿನಗಳ ಬಿಡುವು ಕೊಡುತ್ತ ಸಾಗುವುದು. ಹಳೆಯ ಮನೆಯನ್ನು ಒಂದೇ ಲಾರಿಯಲ್ಲಿ ಖಾಲಿ ಮಾಡಿ, ಹಿರಿಯರನ್ನು ಸಂಪೂರ್ಣ ಹೊಸ ಕೋಣೆಯಲ್ಲಿ ಇಳಿಸುವುದು ಈ ಕ್ರಮಕ್ಕೆ ನೇರ ವಿರುದ್ಧ. ಮುಪ್ಪು ವಾತಪ್ರಧಾನವಾದ ಕಾಲ. ಅಲುಗಾಟ, ಸ್ಥಳಾಂತರ, ನಿದ್ರಾನಾಶಗಳು ವಾತವನ್ನು ಕೆರಳಿಸುತ್ತವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅದೇ ಸೂತ್ರಸ್ಥಾನದ ಹದಿನೈದನೆಯ ಅಧ್ಯಾಯದಲ್ಲಿ ರೋಗಿಗಾಗಿ ಕಟ್ಟುವ ಮನೆಯ ವರ್ಣನೆ ಬರುತ್ತದೆ. ಬಿರುಗಾಳಿ ನುಗ್ಗಬಾರದು, ಆದರೆ ಒಂದು ಕಡೆಯಿಂದ ಗಾಳಿ ಆಡಬೇಕು. ಸುಖವಾಗಿ ಓಡಾಡಲು ಜಾಗವಿರಬೇಕು. ಹೊಗೆ, ಧೂಳು, ಬಿಸಿಲು ತಾಗಬಾರದು. ಮನಸ್ಸಿಗೆ ಹಿತವಲ್ಲದ ಶಬ್ದ, ಸ್ಪರ್ಶ, ರೂಪ, ಗಂಧಗಳು ಇರಬಾರದು. ನೀರು, ಅಡುಗೆಮನೆ, ಸ್ನಾನಗೃಹ, ಶೌಚದ ವ್ಯವಸ್ಥೆ ಬೇಕು. ಅಷ್ಟಕ್ಕೇ ನಿಲ್ಲದೆ, ಹಾಡು, ವಾದ್ಯ, ಕಥೆ, ಪುರಾಣಗಳನ್ನು ಬಲ್ಲವರು ರೋಗಿಯ ಬಳಿ ಇರಬೇಕೆನ್ನುತ್ತದೆ. ಕಣ್ಣಿಗೆ ಬೀಳುವ ರೂಪವನ್ನು ಚಿಕಿತ್ಸೆಯ ಸಾಮಗ್ರಿಯೊಳಗೆ ಸೇರಿಸಿದ ಪರಂಪರೆ ನಮ್ಮದು.

ಆಧುನಿಕ ವೈದ್ಯಕೀಯವೂ ಇದೇ ಬಾಗಿಲಿಗೆ ಬೇರೆ ದಾರಿಯಿಂದ ಬಂದಿದೆ. ಅಮೆರಿಕದ ರೋಜರ್ ಉಲ್ರಿಚ್ ಎಂಬವರು 1984ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು. ತೀವ್ರ ನೋವುನಿವಾರಕಗಳೂ ಅವರಿಗೆ ಕಡಿಮೆ ಸಾಕಾದವು. ಚಿಕ್ಕ ಅಧ್ಯಯನ, ಆದರೆ ಆಸ್ಪತ್ರೆ ಕಟ್ಟುವವರ ಕಣ್ಣು ತೆರೆಸಿತು. ಹಿರಿಯರ ಮಂಚದ ತಲೆದೆಸೆಯನ್ನು ನಿರ್ಧರಿಸುವಾಗ, ಮಲಗಿದಲ್ಲಿಂದ ಹಿತ್ತಿಲ ತೆಂಗೋ ಬೀದಿಯ ಹೊಂಗೆಯೋ ಕಾಣುವಂತಿದೆಯೇ ಎಂದು ಒಮ್ಮೆ ಮಲಗಿಯೇ ನೋಡುವುದು ಒಳ್ಳೆಯದು.

ಇನ್ನು ಬಣ್ಣದ ಮಾತು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ದಪ್ಪವಾಗಿ ಹಳದಿಗೆ ತಿರುಗುತ್ತದೆ. ಇಪ್ಪತ್ತರ ಹರೆಯದ ಕಣ್ಣಿನ ಒಳಪದರವನ್ನು ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರ ಕಣ್ಣಿನ ಒಳಪದರವನ್ನು ತಲುಪುತ್ತದೆ. ಗಾಢ ನೀಲಿ ಕಪ್ಪಿನಂತೆ, ತಿಳಿ ನೀಲಿ ಹಸಿರಿನಂತೆ ಕಾಣತೊಡಗುತ್ತವೆ. ಒಂದು ಬಣ್ಣದ ಪಕ್ಕದಲ್ಲಿ ಅದೇ ಬಣ್ಣದ ವಸ್ತುವಿದ್ದರೆ ಅದು ಎಲ್ಲಿ ಮುಗಿಯಿತು, ಇದು ಎಲ್ಲಿ ಆರಂಭವಾಯಿತು ಎಂಬುದೇ ತಿಳಿಯುವುದಿಲ್ಲ. ಬಿಳಿ ನೆಲದ ಮೇಲಿನ ಬಿಳಿ ಕಮೋಡ್ ಇಂಥದೊಂದು ಮೋಸ. ಎಷ್ಟೋ ಮಂದಿ ಹಿರಿಯರು ಸ್ನಾನದ ಮನೆಗೆ ಹೋಗಲು ಹೆದರುವುದು ಸೋಮಾರಿತನದಿಂದಲ್ಲ. ಕೂರುವ ಜಾಗ ಕಾಣುವುದಿಲ್ಲ, ಹೇಳಿಕೊಳ್ಳಲು ಸಂಕೋಚ. ಕಮೋಡಿಗೆ ಕೆಂಪು ಅಥವಾ ಗಾಢ ನೀಲಿಯ ಮುಚ್ಚಳ, ಹಿಡಿಕೆಗೆ ಗೋಡೆಗಿಂತ ಭಿನ್ನವಾದ ಬಣ್ಣ, ಮೆಟ್ಟಿಲಿನ ಅಂಚಿಗೆ ಬೆರಳಗಲದ ಹಳದಿ ಪಟ್ಟಿ ಇಷ್ಟಕ್ಕೆ ತಗಲುವ ಖರ್ಚು, ತೊಡೆಯೆಲುಬು ಮುರಿದಾಗ ಆಸ್ಪತ್ರೆಯ ಬಾಗಿಲಲ್ಲಿ ಕಟ್ಟುವ ಮುಂಗಡಕ್ಕೆ ಹೋಲಿಸಿದರೆ ಏನೂ ಅಲ್ಲ. ಹೊಳೆಯುವ ಟೈಲ್ಸ್ ಒದ್ದೆಯಾಗಿರುವಂತೆ ತೋರಿ ನಡಿಗೆ ತಡವರಿಸುತ್ತದೆ. ಬಾಗಿಲ ಮುಂದೆ ಹಾಸಿದ ಕಪ್ಪು ಕಾಲೊರಸು ಮರೆವಿನ ಕಾಯಿಲೆ ಇದ್ದವರಿಗೆ ಗುಂಡಿಯಂತೆ ಕಾಣುವುದುಂಟು. ವಾರ್ಡ್‌ರೋಬಿನ ಕನ್ನಡಿ ಬಾಗಿಲಿನಲ್ಲಿ ಅಪರಿಚಿತರು ನಿಂತಂತೆ ಕಂಡು ಅವರು ಬೆಚ್ಚುವುದೂ ಉಂಟು.

ಊಟದ ತಟ್ಟೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಬಿಳಿ ತಟ್ಟೆಯಲ್ಲಿ ಬಿಳಿ ಅನ್ನ, ಅದರ ಮೇಲೆ ಮೊಸರು. ಬಡಿಸಿದ್ದರಲ್ಲಿ ಅರ್ಧ ಹಾಗೆಯೇ ಉಳಿಯಿತೆಂದರೆ ಹಸಿವಿಲ್ಲವೆಂದೇ ತಿಳಿಯಬೇಕಾಗಿಲ್ಲ. ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಲ್ಝೈಮರ್ ಕಾಯಿಲೆ ಬಲಿತ ಕೆಲವರಿಗೆ ಬಿಳಿಯ ಬದಲು ಗಾಢ ಕೆಂಪು ತಟ್ಟೆ ಲೋಟಗಳಲ್ಲಿ ಆಹಾರ ಕೊಟ್ಟಾಗ ಅವರು ಶೇ. 25ರಷ್ಟು ಹೆಚ್ಚು ಉಂಡರು, ಶೇ. 84ರಷ್ಟು ಹೆಚ್ಚು ಕುಡಿದರು. ಪ್ರಯೋಗಕ್ಕೆ ಒಳಗಾದವರು ಕೆಲವೇ ಮಂದಿ. ಎಲ್ಲರಿಗೂ ಇಷ್ಟೇ ಫಲ ದೊರೆಯುತ್ತದೆಂದು ನಾವು ಭರವಸೆ ಕೊಡುವುದಿಲ್ಲ. ಆದರೆ ಹಸಿರು ಬಾಳೆ ಎಲೆಯ ಮೇಲೆ ಅನ್ನ ಬಡಿಸಿದರೆ ಎಂಥ ಮಂದ ಕಣ್ಣಿಗೂ ಅದು ಕಾಣುತ್ತದೆ ಎಂಬುದಕ್ಕೆ ಪ್ರಯೋಗಾಲಯ ಬೇಕಿಲ್ಲ. ಮಠದ ದಾಸೋಹದಲ್ಲಿ ಎಲೆಯ ಮುಂದೆ ಕುಳಿತ ಅಜ್ಜಿ ಮನೆಗಿಂತ ಒಂದು ತುತ್ತು ಹೆಚ್ಚು ಉಣ್ಣುವುದಕ್ಕೆ ಪ್ರಸಾದದ ಮಹಿಮೆಯ ಜೊತೆಗೆ ಎಲೆಯ ಬಣ್ಣವೂ ಸ್ವಲ್ಪ ಕಾರಣವಿರಬಹುದು.

ಹಳೆಯ ಮನೆಗಳ ಹೊಸಿಲನ್ನು ನೆನಪಿಸಿಕೊಳ್ಳಿ. ಕೆಮ್ಮಣ್ಣು ಬಳಿದು, ಅದರ ಮೇಲೆ ಬಿಳಿಯ ಗೆರೆ ಎಳೆದಿರುತ್ತಿದ್ದರು. ಎಡವದಿರಲೆಂದೇ ಹಾಗೆ ಮಾಡಿದರೆಂದು ನಾವು ವಾದಿಸುವುದಿಲ್ಲ. ಪೂರ್ವಿಕರ ಪ್ರತಿ ಆಚರಣೆಯ ಹಿಂದೆಯೂ ವಿಜ್ಞಾನವನ್ನು ಹುಡುಕಿ ತೆಗೆಯುವ ಈಚಿನ ಉತ್ಸಾಹ ನಮಗೆ ರುಚಿಸದು. ಅಂದಕ್ಕೆ ಮಾಡಿದ್ದು ಕಾಲಿಗೂ ಒದಗಿತು, ಅಷ್ಟೇ ಸಾಕು. ನಮ್ಮ ಜಿಲ್ಲೆಯ ಸಾಗರ, ಸೊರಬ ಸೀಮೆಯ ದೀವರ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರವೂ ಇದೇ ಬಣ್ಣಗಳ ಕಲೆ. ಕೆಮ್ಮಣ್ಣು ಸಾರಿಸಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವಾಗಿ ಪುಂಡಿಯ ನಾರು. ಮದುವೆಯ ಮನೆಯಲ್ಲಿ ವಧೂವರರನ್ನು ಕೂರಿಸುವ ಗೋಡೆಗೆ ಇದನ್ನು ಬರೆಯುತ್ತಾರೆ. ಭೂಮಿ ಹುಣ್ಣಿಮೆಯಲ್ಲಿ ಗದ್ದೆಗೆ ಹೊರುವ ಭೂಮಣ್ಣಿ ಬುಟ್ಟಿಗೂ ಇದೇ ಅಲಂಕಾರ. ಇಂದು ಆ ಕಲಾವಿದೆಯರು ಬಟ್ಟೆ, ಹಲಗೆ, ಕಾಗದಗಳ ಮೇಲೂ ಬರೆದುಕೊಡುತ್ತಾರೆ. ಕೆಂಪಿನ ಮೇಲೆ ಬಿಳಿ ಗೆರೆಯಾದ್ದರಿಂದ ಮಂಜಾದ ಕಣ್ಣಿಗೂ ಇದು ದೂರದಿಂದಲೇ ಎದ್ದು ಕಾಣುತ್ತದೆ. ಅಂಗಡಿಯಲ್ಲಿ ಕೊಂಡ, ಏನೆಂದು ಯಾರಿಗೂ ತಿಳಿಯದ ಬಣ್ಣದ ಕಲೆಗಳ ಚಿತ್ರಕ್ಕಿಂತ, ಹೆಸರು ಹಿಡಿದು ಗುರುತಿಸಬಲ್ಲ ಭತ್ತದ ತೆನೆ, ದಂಡಿಗೆ, ಕೋಳಿ ಇರುವ ಚಿತ್ರ ಹಿರಿಯರಿಗೆ ಮಾತಿನ ಜೊತೆಗಾರನಾಗುತ್ತದೆ. ಚಿತ್ರವನ್ನು ತೂಗುಹಾಕುವ ಎತ್ತರವನ್ನು ನಿಂತು ಅಳೆಯಬಾರದು. ಹಿರಿಯರು ಹೆಚ್ಚು ಹೊತ್ತು ಕುಳಿತೇ ಇರುತ್ತಾರಾದ್ದರಿಂದ ಕುಳಿತವರ ಕಣ್ಣಿನ ಮಟ್ಟವೇ ಸರಿ.

ಇಟ್ಟುಕೊಳ್ಳುವ ಹಳೆಯ ವಸ್ತುಗಳ ಆಯ್ಕೆಯನ್ನು ಮಗ, ಸೊಸೆ, ವಿನ್ಯಾಸಕ ಯಾರೂ ಮಾಡುವಂತಿಲ್ಲ. ಟ್ರಂಕನ್ನು ಅಟ್ಟದಿಂದ ಇಳಿಸಿ ಹಿರಿಯರ ಎದುರು ತೆರೆಯಬೇಕು, ಮೊಮ್ಮಕ್ಕಳು ಪಕ್ಕದಲ್ಲಿದ್ದರೆ ಇನ್ನೂ ಒಳ್ಳೆಯದು. ಬೆಲೆಬಾಳುವುದನ್ನೇ ಅವರು ಆರಿಸುತ್ತಾರೆಂಬ ನಂಬಿಕೆ ಬೇಡ. ಬೆಳ್ಳಿಯ ಲೋಟವನ್ನು ಬದಿಗಿಟ್ಟು ಮೂತಿ ಮುರಿದ ಸುಣ್ಣದ ಕಾಯಿಯನ್ನು ಎದೆಗೊತ್ತಿಕೊಂಡ ತಾಯಿಯೊಬ್ಬರನ್ನು ನಾವು ಕಂಡಿದ್ದೇವೆ. ಐದಾರು ವಸ್ತುಗಳು ಸಾಕು. ಅವು ಗಾಜಿನ ಶೋಕೇಸಿನೊಳಗೆ ಬೀಗದಲ್ಲಿರದೆ ಕೈಗೆ ಸಿಗುವಂತಿರಬೇಕು. ನೆನಪು ಕಣ್ಣಿನಲ್ಲಿರುವಷ್ಟೇ ಅಂಗೈಯಲ್ಲೂ ಇರುತ್ತದೆ. ಇಷ್ಟಲಿಂಗ ಪೂಜೆಗೆ ಕೂರುವ ಮಣೆ, ವಿಭೂತಿಯ ಕರಡಿಗೆ, ಪೂಜೆಯ ತಂಬಿಗೆ ಇವನ್ನು ಹಳೆಯ ಮನೆಯಲ್ಲಿ ಯಾವ ಕ್ರಮದಲ್ಲಿಟ್ಟಿದ್ದರೋ ಅದೇ ಕ್ರಮದಲ್ಲಿ ಇಡಬೇಕು. ಬೆಳಗಿನ ಆ ಅರ್ಧ ಗಂಟೆ ಸ್ಥಿರವಾದರೆ ಉಳಿದ ದಿನಕ್ಕೊಂದು ಗೂಟ ಸಿಕ್ಕಂತೆ. ನೆಲದ ಮೇಲೆ ಕೂರಲಾಗದವರಿಗೆ ಅದೇ ಮಣೆಯನ್ನು ಎತ್ತರದ ಪೀಠಕ್ಕೆ ಜೋಡಿಸಿಕೊಡಬಹುದು.

ನೆನಪನ್ನು ಮೆಲುಕು ಹಾಕುವುದು ಮುದುಕರ ಚಪಲವಲ್ಲ, ಬದುಕಿನ ಲೆಕ್ಕವನ್ನು ಸರಿದೂಗಿಸಿಕೊಳ್ಳುವ ಸಹಜ ಕ್ರಿಯೆ ಎಂದು ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು 1963ರಲ್ಲೇ ಬರೆದರು. ಹಳೆಯ ವಸ್ತು, ಚಿತ್ರ, ಹಾಡುಗಳ ಮೂಲಕ ಮಾತನಾಡಿಸುವ ಪದ್ಧತಿ ಈಗ ಮರೆವಿನ ರೋಗಿಗಳ ಆರೈಕೆಯಲ್ಲಿ ಬಳಕೆಯಲ್ಲಿದೆ. ಅದರ ಲಾಭ ಅಲ್ಪ, ಎಲ್ಲರಲ್ಲೂ ಒಂದೇ ತೆರನಲ್ಲ ಎಂದು ಪರಿಶೀಲನೆಗಳು ತಿಳಿಸುತ್ತವೆ. ಕೆಲವರಿಗೆ ಕೆಲವು ವಸ್ತು ದುಃಖವನ್ನೇ ತರುತ್ತದೆ. ತೀರಿಕೊಂಡ ಮಗನ ಭಾವಚಿತ್ರವನ್ನು ದಿನವೂ ಎದುರಿಗೆ ನೋಡಲಾಗದ ತಾಯಿಗೆ ಅದನ್ನು ಪೆಟ್ಟಿಗೆಯಲ್ಲಿಡುವ ಹಕ್ಕಿದೆ. ಅವರು ಬೇಡವೆಂದದ್ದನ್ನು ನಾವು ಗೋಡೆಗೇರಿಸಬಾರದು.

ನಾವು ಹೇಳಿದ ಫೌಂಡ್ರಿಯ ಹಿರಿಯರ ಕೋಣೆಯಲ್ಲಿ ಆದದ್ದು ಇಷ್ಟು. ಮಂಚದ ಎದುರಿನ ಒಂದು ಗೋಡೆಗೆ ಮಾತ್ರ ಸೊಸೆ ಇಟ್ಟಿಗೆಗೆಂಪು ಹೊಡೆಸಿದರು, ಅವರ ಹಳೆಯ ವಸತಿಗೃಹದ ಕಾವಿ ನೆಲಕ್ಕೆ ಹತ್ತಿರದ ಬಣ್ಣ. ಗಡಿಯಾರ ಆ ಗೋಡೆಯೇರಿತು. ಕೌದಿ ಮಂಚಕ್ಕೆ, ರೇಡಿಯೋ ಬಲಗೈ ಪಕ್ಕಕ್ಕೆ ಬಂದವು. ಶೌಚಗೃಹದಲ್ಲಿ ಹಿಡಿಕೆ, ದಾರಿಯಲ್ಲಿ ರಾತ್ರಿಯ ಹಳದಿ ಮಂದ ದೀಪ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯೂ ಆಯಿತು. ಅದರ ಪಾಲನ್ನು ಗೋಡೆಯ ಬಣ್ಣಕ್ಕೆ ಸಲ್ಲಿಸುವುದು ಅನ್ಯಾಯ. ರಾತ್ರಿ ಅಂಗಾಲಿಗೆ ಎಳ್ಳೆಣ್ಣೆಯ ಪಾದಾಭ್ಯಂಗವನ್ನು ಹೇಳಿದ್ದೆವು. ಒಂದೂವರೆ ತಿಂಗಳಿನಲ್ಲಿ ನಿದ್ರೆ ಐದು ಗಂಟೆಗೆ ಬಂದಿತು, ಊಟ ಸುಧಾರಿಸಿತು. ಸಂಜೆ ಬಾಗಿಲ ಬಳಿ ಈಗಲೂ ಆಗಾಗ ನಿಲ್ಲುತ್ತಾರೆ, ಆದರೆ ಕೈಯಲ್ಲಿ ಚೀಲವಿರುವುದಿಲ್ಲ.

ಬಣ್ಣದಿಂದ ರಕ್ತದೊತ್ತಡ ಇಳಿಯುತ್ತದೆ, ಹಸಿರು ಬಲ್ಬಿನಿಂದ ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ ಎನ್ನುವವರ ಮಾತಿಗೆ ಮರುಳಾಗಿ ಮಾತ್ರೆ ಬಿಡಬಾರದು. ರೋಗ ಬಂದದ್ದು ಬಾಗಿಲ ದಿಕ್ಕಿನಿಂದ ಎಂದು ಗೋಡೆ ಒಡೆಸುವವರಿಗೂ ನಾವು ಅದನ್ನೇ ಹೇಳುತ್ತೇವೆ. ಹಿರಿಯರಲ್ಲಿ ಒಂದೆರಡು ದಿನಗಳಲ್ಲಿ ಹಠಾತ್ತನೆ ಗೊಂದಲ, ಅಸಂಬದ್ಧ ಮಾತು, ಅತಿಯಾದ ಮಂಪರು ಕಾಣಿಸಿದರೆ ಅದು ಮನೆ ಬದಲಾದುದರಿಂದಲೇ ಎಂದು ಸುಮ್ಮನಿರುವಂತಿಲ್ಲ. ಮೂತ್ರದ ಸೋಂಕು, ಸೋಡಿಯಂ ಇಳಿಕೆ, ಪಾರ್ಶ್ವವಾಯು ಯಾವುದೂ ಆಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಳೆಯ ವಸ್ತುಗಳ ಬಗ್ಗೆ ಎಚ್ಚರದ ಮಾತೂ ಇದೆ. ನಮ್ಮ ಮಳೆಗಾಲದಲ್ಲಿ ಟ್ರಂಕಿನ ಬಟ್ಟೆ, ಪುಸ್ತಕ, ಚೌಕಟ್ಟಿನ ಹಿಂಬದಿಗಳಿಗೆ ಬೂಸ್ಟು ಹಿಡಿಯುತ್ತದೆ. ಉಬ್ಬಸವಿರುವವರ ಕೋಣೆಗೆ ಅವನ್ನು ಒಯ್ಯುವ ಮೊದಲು ಕೌದಿಯನ್ನು ಬಿಸಿನೀರಿನಲ್ಲಿ ಒಗೆದು ಎರಡು ಮೂರು ಬಿಸಿಲು ಕಾಣಿಸಬೇಕು. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗಳಲ್ಲಿ ಮಜ್ಜಿಗೆ, ಹುಣಸೆಹುಳಿ ಹಾಕಿದ ಸಾರು ಇಡಬಾರದು. ಅವು ಕಣ್ಣಿಗೆ ಹಬ್ಬವಾಗಿರಲಿ, ಹೊಟ್ಟೆಗೆ ಬೇಡ.

ದೀಪಾವಳಿಗೆ ಮುನ್ನ ಬಣ್ಣ ಹೊಡೆಸುವ ಭಕ್ತರಿಗೆ ಇನ್ನೊಂದು ಸೂಚನೆ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದೆ ಹಚ್ಚಿದ ಕಿಟಕಿ, ಬಾಗಿಲು, ತೊಟ್ಟಿಲುಗಳ ಎಣ್ಣೆಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಅದನ್ನು ಒಣಗಿದ್ದಾಗಲೇ ಉಜ್ಜಿದರೆ ಆ ಧೂಳು ಅಂಬೆಗಾಲಿಡುವ ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗುತ್ತದೆ, ಗರ್ಭಿಣಿಯರಿಗೂ ಅಪಾಯ. ನೀರು ಚಿಮುಕಿಸಿ ನೆನೆಸಿಯೇ ಕೆರೆಯಿಸಬೇಕು. ಕೆರೆದ ಚೂರುಗಳನ್ನು ಹಿತ್ತಿಲ ಸೊಪ್ಪಿನ ಮಡಿಗೆ ಸುರಿಯದೆ ಚೀಲದಲ್ಲಿ ಕಟ್ಟಿ ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಹಿರಿಯರನ್ನು ಆ ಕೋಣೆಯಲ್ಲಿ ಮಲಗಿಸಬಾರದು. ಅವರ ಕೋಣೆಯನ್ನು ಎಲ್ಲಕ್ಕಿಂತ ಕೊನೆಗೆ ಎತ್ತಿಕೊಂಡು, ಗೋಡೆಯ ವಸ್ತುಗಳನ್ನು ಇಳಿಸುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ, ಬಣ್ಣ ಒಣಗಿದ ಮೇಲೆ ಯಾವುದು ಎಲ್ಲಿತ್ತೆಂದು ಹುಡುಕಬೇಕಾಗುವುದಿಲ್ಲ.